ಕೆರೆಯ ಮೆಟ್ಟಿಲಿಗೆ ಇಳಿದ ಕರೆಂಟು

ನನ್ನ ತಮ್ಮನ ಮಗಳಿಗೆ ಆಗ ಹನ್ನೊಂದು ವರ್ಷ. ಕೆರೆಯ ಕಲ್ಲುಮೆಟ್ಟಿಲಿನಿಂದ ನೀರಲ್ಲಿ ತೇಲುವ ಹಳದಿ ಡ್ರಮ್ಮಿನವರೆಗೆ ಒಬ್ಬಳೇ ಈಜಿ ಮರಳಿ ಬಂದರೆ ಮಾತ್ರ ಹಾಯಿದೋಣಿ ಹತ್ತಿಸಿಕೊಳ್ಳುತ್ತೇನೆ ಎಂದು ಅವಳಪ್ಪ ಷರತ್ತು ಹಾಕಿದ್ದ. ಬೇಸಿಗೆ ರಜೆಯುದ್ದಕ್ಕೂ ವೈಟ್‌ಫೀಲ್ಡಿನ ತಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಅವಳು ಅದಕ್ಕಾಗಿಯೇ ಕೈಕಾಲು ಬಡಿದಿದ್ದಳು. ಆ ಭಾನುವಾರ ಅವಳ ಪಾದಕ್ಕೂ ನೀರಿಗೂ ನಡುವೆ ಎರಡು ಮೆಟ್ಟಿಲು ಉಳಿದಿತ್ತು. ಆ ಎರಡು ಮೆಟ್ಟಿಲು ನೆನಪಾದಾಗಲೆಲ್ಲ ನಾನು ಮಾಡುತ್ತಿರುವ ಕೆಲಸ ಬಿಟ್ಟು ಕುಳಿತುಬಿಡುತ್ತೇನೆ. ಒಲೆಯ ಮೇಲೆ ಒಗ್ಗರಣೆ ಇದ್ದರೂ ಅಷ್ಟೆ.

ಇದೆಲ್ಲ ಶುರುವಾದದ್ದು ಒಂದು ಬ್ಯಾಟರಿ ಚಾರ್ಜರಿನಿಂದ.

ತಮ್ಮನೂ ಅವನ ಆಫೀಸಿನ ಇಬ್ಬರು ಗೆಳೆಯರೂ ಸೇರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ಸಮುದ್ರದ ಊರಿನಿಂದ ಅದು ಲಾರಿಯ ಮೇಲೆ ಮಲಗಿಕೊಂಡು ಬಂತು. ಹೊಸಕೋಟೆ ದಾಟಿದ ಮೇಲೆ ಎರಡು ವರ್ಷದ ಒಳ್ಳೆಯ ಮಳೆಗೆ ತುಂಬಿ ಕೋಡಿ ಹರಿದ ದೊಡ್ಡ ಕೆರೆಯೊಂದಿದೆ. ಆ ಕೆರೆಯ ದಡಕ್ಕೆ ತಾಗಿದ ಜಮೀನು ಅಲ್ಲಿಯ ಗೌಡರೊಬ್ಬರದು. ಮುಂದಿನ ಅರ್ಧ ಜಮೀನಿನಲ್ಲಿ ಈಗ ಗೋದಾಮು ಎದ್ದಿದೆ, ಹಿಂದಿನ ಅರ್ಧದಲ್ಲಿ ಇನ್ನೂ ರಾಗಿ, ಸೊಪ್ಪು. ಗೌಡರು ದೋಣಿ ಕಟ್ಟಲು ಜಾಗ ಕೊಟ್ಟರು, ಮೆಟ್ಟಿಲ ಪಕ್ಕದಲ್ಲೇ ಹಲಗೆಯ ಕಟ್ಟೆ ಹಾಕಿಸಿಕೊಟ್ಟರು, ತಮ್ಮ ಪಂಪ್‌ಹೌಸಿನಿಂದ ವಯರ್ ಎಳೆದು ಆ ಕಟ್ಟೆಯ ಕಂಬಕ್ಕೆ ಒಂದು ಪ್ಲಗ್ ಪಾಯಿಂಟನ್ನೂ ಕೊಟ್ಟರು. ದೋಣಿ ದಡದಲ್ಲಿ ನಿಂತಿರುವಾಗ ಅದರ ಬ್ಯಾಟರಿ ಆ ಕರೆಂಟಿನಿಂದ ತುಂಬಿಕೊಳ್ಳಬೇಕು. ಗಾಳಿ ಸತ್ತ ದಿನ ಕೆರೆಯ ನಡುವಿನಿಂದ ದಡಕ್ಕೆ ಬರಲು ಸಣ್ಣದೊಂದು ಬ್ಯಾಟರಿ ಮೋಟಾರು ಇತ್ತು. ಒಂದು ಸಲ ಬ್ಯಾಟರಿ ಕೈಕೊಟ್ಟು, ಮೂವರು ಇಂಜಿನಿಯರುಗಳು ಊಟದ ತಟ್ಟೆಯಲ್ಲಿ ಹುಟ್ಟು ಹಾಕಿಕೊಂಡು ದಡ ಸೇರಿದ್ದರು. ಆಮೇಲೆ ತಮ್ಮನಿಗೆ ಭಾವನ ನೆನಪಾಯಿತು.

ನಮ್ಮ ಯಜಮಾನರಿಗೆ ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡಿದೆ. ಫ್ಯಾಕ್ಟರಿಗಳಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳಿಗೆ ಅವರು ಬ್ಯಾಟರಿ ಚಾರ್ಜರ್ ಮಾಡಿಕೊಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅವರ ಅಂಗಿಗಳಿಂದ ವಾರ್ನಿಷ್ ವಾಸನೆ ಹೋಗಲಾಡಿಸಲು ನಾನು ಪ್ರಯತ್ನಿಸುತ್ತಲೇ ಇದ್ದೇನೆ. ಕಾನ್ವೆಂಟಿನಲ್ಲಿ ಭೌತಶಾಸ್ತ್ರದ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಅಂದವಾಗಿ ಹೆಸರು ಬರೆದಷ್ಟೇ ನನ್ನ ಕರೆಂಟಿನ ಜ್ಞಾನ. ಆದರೂ ಊಟದ ಮೇಜಿನ ಬಳಿ ಓಡಾಡುತ್ತಾ ಕಿವಿಗೆ ಬಿದ್ದದ್ದೆಲ್ಲ ಎಲ್ಲೋ ಒಂದು ಕಡೆ ಉಳಿದುಕೊಳ್ಳುತ್ತದೆ.

ತಮ್ಮ ಒಂದು ಶನಿವಾರ ಮೆಟ್ರೋ ಹಿಡಿದು ನಾಗಸಂದ್ರಕ್ಕೆ ಬಂದ. ಅಕ್ಕಿರೊಟ್ಟಿ ತಟ್ಟೆಗೆ ಬೀಳುವ ಮೊದಲೇ ಮೊಬೈಲಿನಲ್ಲಿ ಒಂದು ವಿದೇಶಿ ಚಾರ್ಜರಿನ ಚಿತ್ರ ತೋರಿಸಿದ. ಬಿಳಿಯ ಬಣ್ಣ, ನೀಲಿ ದೀಪ, ನೋಡಲು ಸೋಪಿನ ಪೆಟ್ಟಿಗೆಯ ಹಾಗಿತ್ತು.

"ನೋಡಿ ಭಾವ, ಇದು ಸ್ಮಾರ್ಟು. ಬ್ಯಾಟರಿ ಎಷ್ಟು ತುಂಬಿದೆ ಅಂತ ಫೋನಿಗೇ ಹೇಳುತ್ತೆ."

"ನಿನ್ನ ಫೋನ್ ತುಂಬಿದ್ಯಾ ಅಂತ ಯಾರು ಹೇಳ್ತಾರೆ?" ಎಂದರು ಯಜಮಾನರು.

"ಸರಿ, ಅದ್ ಬೇಡ. ನಮ್ಮನೆ ಹತ್ರ ಕಾರ್ ಗ್ಯಾರೇಜಿನವನು ಒಂದ್ ಕೊಡ್ತೀನಿ ಅಂದ."

"ಅದು ಇನ್ನೂ ಬೇಡ." ಅವರು ನನ್ನ ಕಡೆ ತಿರುಗಿದರು. "ನೀನ್ ಹಾಲು ಹೇಗೆ ಕಾಯಿಸ್ತೀಯ ಹೇಳೇ ಇವನಿಗೆ."

"ಮೊದಲು ಜೋರು ಉರಿ," ಎಂದೆ ನಾನು. "ಉಕ್ಕೋಕೆ ಬಂದಾಗ ಸಣ್ಣ ಉರಿ. ಆಮೇಲೆ ಬರೀ ಬಿಸಿ ಆರದ ಹಾಗೆ."

"ಹ್ಞಾಂ! ಬ್ಯಾಟರೀನೂ ಹಾಗೇ ತುಂಬಿಸ್ಬೇಕು. ಗ್ಯಾರೇಜಿನ ಚಾರ್ಜರಿಗೆ ಒಂದೇ ಉರಿ. ನೀನು ಸೋಮವಾರ ಪ್ಲಗ್ ಹಾಕಿ ಆಫೀಸಿಗೆ ಹೋಗ್ತೀಯ, ಶನಿವಾರ ಬರ್ತೀಯ. ಅಷ್ಟರಲ್ಲಿ ಬ್ಯಾಟರಿ ಒಳಗಿನ ನೀರೆಲ್ಲ ಕುದ್ದು ಹೋಗಿರುತ್ತೆ."

"ಈ ವಿದೇಶಿದೂ ಮೂರು ಉರೀದೇ ಭಾವ."

"ಇರ್ಬಹುದು. ಪಂಪ್‌ಸೆಟ್ ಲೈನಿನ ಕರೆಂಟು ನೋಡಿದ್ಯಾ ಅದು? ಬಂದ್ರೆ ಇನ್ನೂರೈವತ್ತು, ಇಲ್ದಿದ್ರೆ ನೂರೈವತ್ತು. ನಿನ್ನ ನೀಲಿ ದೀಪ ಮೊದಲನೇ ವಾರಕ್ಕೇ ಆರುತ್ತೆ. ನಾನು ಮಾಡಿಕೊಡ್ತೀನಿ, ತಾಮ್ರದ ಟ್ರಾನ್ಸ್‌ಫಾರ್ಮರ್ ಹಾಕಿ."

"ಭಾವಾ, ಇದು ದೋಣಿ. ಫೋರ್ಕ್‌ಲಿಫ್ಟ್ ಅಲ್ಲ."

"ತಾನು ದೋಣೀಲಿದೀನೋ ಫೋರ್ಕ್‌ಲಿಫ್ಟಲ್ಲಿದೀನೋ ಅಂತ ಬ್ಯಾಟರಿಗೆ ಗೊತ್ತಾಗುತ್ತೇನಯ್ಯಾ?"

"ಭಾರಕ್ಕೆ ದೋಣಿ ಒಂದ್ ಕಡೆ ವಾಲುತ್ತೆ."

"ನೀನು ಇನ್ನೊಂದ್ ಕಡೆ ಕೂತ್ಕೋ. ಸರಿಹೋಗುತ್ತೆ."

ಹೀಗೆ ನಾಲ್ಕು ಶನಿವಾರ ನಡೆಯಿತು. ಮದುವೆಯ ಕರೆಯೋಲೆಗಳ ಹಿಂಬದಿಯಲ್ಲೆಲ್ಲ ಚಾರ್ಜರಿನ ಚಿತ್ರ. ಸಾಮಾನ್ಯವಾಗಿ ಬ್ಯಾಟರಿಯ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿನ ಚಾರ್ಜರ್ ಸಾಕಂತೆ. ಆದರೆ ಪಂಪ್‌ಸೆಟ್ ಲೈನಿಗೆ ದಿನಕ್ಕೆ ಕೆಲವೇ ಗಂಟೆ ಕರೆಂಟು. ಅಷ್ಟರೊಳಗೆ ಬ್ಯಾಟರಿ ತುಂಬಬೇಕಾದರೆ ಅದರ ದುಪ್ಪಟ್ಟು ಬೇಕು ಎಂದು ಯಜಮಾನರು ಲೆಕ್ಕ ಹಾಕಿದರು. ಕರೆಂಟು ಬಂದ ಕೂಡಲೇ, ಯಾರೂ ಸ್ವಿಚ್ಚು ಮುಟ್ಟದೆ, ತಾನೇ ಶುರುವಾಗುವ ಹಾಗೆ ಮಾಡಿದರು. ಪೆಟ್ಟಿಗೆಗೆ ಎರಡು ಸುತ್ತು ಬಣ್ಣ ಹೊಡೆದು, ಮುಚ್ಚಳದ ಅಂಚಿಗೆ ನೀರು ನುಗ್ಗದಂತೆ ರಬ್ಬರು ಕೂಡಿಸಿದರು. ಶೆಡ್ಡಿನ ಪೂಜೆಯ ಮೂಲೆಯಲ್ಲಿಟ್ಟು ಕುಂಕುಮವನ್ನೂ ಹಚ್ಚಿದರು. ಅಷ್ಟು ಅಕ್ಕರೆಯಿಂದ ಅವರು ಇನ್ನೊಂದು ಚಾರ್ಜರ್ ಮಾಡಿದ್ದನ್ನು ನಾನು ನೋಡಿಲ್ಲ. ನನ್ನ ಕಡೆಯವರಿಗೆ ಮಾಡಿಕೊಡುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಒಂದು ಬುಧವಾರ ಅದನ್ನು ದೋಣಿಯ ಹೊಟ್ಟೆಯೊಳಗೆ ಕೂಡಿಸಿ ಬಂದರು. ಬಂದವರ ಮುಖ ಸ್ವಲ್ಪ ಸಪ್ಪಗಿತ್ತು. ಚಾರ್ಜರ್ ಶುರುವಾದ ತಕ್ಷಣ ಕಟ್ಟೆಯ ಬಲ್ಬು ಮಂಕಾಯಿತಂತೆ, ವೋಲ್ಟೇಜು ಕುಸಿಯಿತಂತೆ. "ನಾಳೆ ಸರಿ ಮಾಡ್ತೀನಿ ಬುಡಿ ಸಾರ್" ಎಂದಿದ್ದರಂತೆ ಗೌಡರು. ಮಾರನೆಯ ದಿನ ಅವರ ಫೋನು ಬಂತು. ಯಜಮಾನರು ಕೈ ತೊಳೆಯುತ್ತಿದ್ದುದರಿಂದ ಫೋನಿನ ಸ್ಪೀಕರ್ ಹಾಕಿ ಹಿಡಿದವಳು ನಾನು.

"ಸರೋಯ್ತು ಸಾರ್. ಈಗ ಬಲ್ಬು ಪಳಪಳ ಅಂತದೆ. ನಿಮ್ ಡಬ್ಬ ಗುಂಯ್ ಅಂತ ಕೆಲ್ಸ ಮಾಡ್ತಾ ಅದೆ."

"ಬಹಳ ಉಪಕಾರ ಆಯ್ತು ಗೌಡ್ರೇ," ಎಂದರು ಇವರು.

ಏನು ಮಾಡಿದಿರಿ ಎಂದು ಇವರು ಕೇಳಲಿಲ್ಲ. ನಾನೂ ಸೋಜಿಗಪಡಲಿಲ್ಲ. ಬಲ್ಬು ಉರಿದರೆ ಸಾಕು ಎನ್ನುವ ಜನ ನಾವು.

ಅದಾಗಿ ಎರಡನೆಯ ಭಾನುವಾರ ಹುಡುಗಿಯ ಪರೀಕ್ಷೆ. ಅವಳಮ್ಮನಿಗೆ ಅಂದೂ ಆಫೀಸು ಬಿಡಲಿಲ್ಲ. ಹಾಗಾಗಿ "ಅತ್ತೆ ಬರ್ಲೇಬೇಕು" ಎಂದು ಅವಳು ನನಗೆ ಗಂಟುಬಿದ್ದಳು. ನಾನು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೆ, ಯಜಮಾನರು ತಮ್ಮ ಮೀಟರಿನ ಬ್ಯಾಗು ಹಿಡಿದುಕೊಂಡರು. ನಾವು ತಲುಪಿದಾಗ ಒಂಬತ್ತಾಗಿತ್ತು. ದೂರದ ದಿಬ್ಬದ ಮೇಲೆ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು, ಅವುಗಳ ನೆರಳು ಬೀಳದಷ್ಟು ಅಗಲವಾದ ನೀರು. ದೋಣಿ ಕಟ್ಟೆಗೆ ಆತುಕೊಂಡು ನಿಂತಿತ್ತು. ಕಂಬದ ಪ್ಲಗ್ಗಿನಿಂದ ದಪ್ಪನೆಯ ಕಪ್ಪು ವಯರೊಂದು ಅದರ ಹೊಟ್ಟೆಗಿಳಿದಿತ್ತು.

ತಮ್ಮ ಮೊದಲು ತಾನೇ ನೀರಿಗೆ ಬಿದ್ದ. ಡ್ರಮ್ಮಿನವರೆಗೆ ಹೋಗಿ ಬಂದು, "ಫಸ್ಟ್ ಕ್ಲಾಸಾಗಿದೆ ನೀರು" ಎಂದ. ಮಗಳು ಕುಣಿದಳು. "ತಿಂಡಿ ತಿಂದ್ಕೊಂಡು, ಅರ್ಧ ಗಂಟೆ ಬಿಟ್ಟು ಇಳೀಬೇಕು" ಎಂದೆ ನಾನು. ಅದು ದೊಡ್ಡ ಬುದ್ಧಿವಂತಿಕೆಯ ಮಾತೆಂದು ಅಂದುಕೊಂಡಿದ್ದೆ. ನನ್ನ ಆ ಮಾತಿನಿಂದಲೇ ಅವಳು ಕರೆಂಟಿಲ್ಲದ ಹೊತ್ತು ಬಿಟ್ಟು ಕರೆಂಟು ಬರುವ ಹೊತ್ತಿಗೆ ನೀರಿಗಿಳಿಯುವಂತಾಯಿತು. ಇದನ್ನು ನಾನು ಇಲ್ಲಿಯವರೆಗೂ ಯಾರ ಬಳಿಯೂ ಹೇಳಿಕೊಂಡಿಲ್ಲ.

ತಿಂಡಿಯಾದ ಮೇಲೆ ಡಬ್ಬಿಗಳನ್ನು ತೊಳೆಯಲು ಮೆಟ್ಟಿಲಿಗೆ ಇಳಿದೆ. ಚಪ್ಪಲಿ ಮೇಲೆ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒದ್ದೆ ಕಲ್ಲಿನ ಮೇಲೆ ಕುಳಿತೆ. ಗೌಡರ ಹೆಂಡತಿ ಬಟ್ಟೆ ಒಗೆಯುತ್ತಿದ್ದರು. ಅವರು ನೀರಿನ ಅಂಚಿಗೆ ಬಂದಿರಲಿಲ್ಲ. ನಾಲ್ಕು ಮೆಟ್ಟಿಲು ಮೇಲೆ ನಿಂತು, ಹಗ್ಗ ಕಟ್ಟಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಸೇದಿಕೊಳ್ಳುತ್ತಿದ್ದರು. ಕೆರೆಯ ಮೆಟ್ಟಿಲಲ್ಲೇ ನಿಂತವರು ಬಾವಿಯಂತೆ ಸೇದುವುದೇಕೆ ಎಂದು ಒಂದು ಕ್ಷಣ ಅನ್ನಿಸಿತು. ಆಚೆ ಅವರ ಎಮ್ಮೆ ನೀರಿನಿಂದ ಒಂದು ಮಾರು ದೂರದಲ್ಲಿ ಮೂಗರಳಿಸಿಕೊಂಡು ನಿಂತಿತ್ತು. ಅಂಥ ಬಿಸಿಲಲ್ಲಿ ನೀರು ಕಂಡರೂ ಇಳಿಯದ ಎಮ್ಮೆಯನ್ನು ನಾನು ಅದೇ ಮೊದಲು ನೋಡಿದ್ದು.

ಕಟ್ಟೆಯ ಕಂಬದ ಬಲ್ಬು ಹಗಲಲ್ಲೇ ಝಗ್ಗೆಂದು ಹತ್ತಿಕೊಂಡಿತು. ದೋಣಿಯೊಳಗಿನಿಂದ ಗುಂಯ್ ಎಂಬ ಸದ್ದು. ಕರೆಂಟು ಬಂತು ಅಂದುಕೊಳ್ಳುತ್ತಾ ಡಬ್ಬಿಯನ್ನು ನೀರಿಗದ್ದಿದೆ.

ಕೈಗೆ ಇರುವೆ ಹತ್ತಿದಂತಾಯಿತು. ಬೆಳಿಗ್ಗೆ ಹುಣಸೆಹಣ್ಣಿನ ನಾರು ಗೀರಿದ್ದ ಬೆರಳಿನಲ್ಲಿ ಇನ್ನೂ ಜೋರಾಗಿ ಚುರುಗುಟ್ಟಿತು. ಕೈ ತೆಗೆದೆ, ನಿಂತಿತು. ಮತ್ತೆ ಅದ್ದಿದೆ. ಮಣಿಕಟ್ಟಿನವರೆಗೆ ಜುಮ್ಮೆಂದಿತು. ಅಂಗಾಲೂ ಜುಮ್ಮೆಂದಿತು.

"ನೀರಲ್ಲಿ ಏನೋ ಕಚ್ಚಿದ ಹಾಗಾಗುತ್ತಲ್ಲ?" ಎಂದೆ ಗೌಡರ ಹೆಂಡತಿಯ ಕಡೆ ನೋಡಿ.

ಅವರು ಬಟ್ಟೆ ಹಿಂಡುತ್ತಲೇ ಹೇಳಿದರು: "ಊಂ ಕಣಕ್ಕ. ಕರೆಂಟ್ ಬಂದ್ರೆ ಅಂಗೇ ಜುಮ್ಮಂತದೆ. ಅದ್ಕೇ ನಾವು ಕರೆಂಟ್ ಬರೋ ಒತ್ತಾದ್ರೆ ಇಳಿಯಾಕಿಲ್ಲ. ಮ್ಯಾಲಿಂದ್ಲೇ ಒಗ್ಕಂಡೋಯ್ತೀವಿ. ಎಮ್ಮೇನೂ ಇಳಿಯಲ್ಲ ನೋಡು, ಅದ್ಕೂ ಬುದ್ಧಿ ಅದೆ."

ಇಷ್ಟು ನಿರಾಳವಾಗಿ ಹೇಳಿದರು. ಸಂಜೆ ಸೊಳ್ಳೆ ಜಾಸ್ತಿ ಎಂದು ಹೇಳುವ ಹಾಗೆ.

ನನಗೆ ಮಾತು ಅರ್ಥವಾಗಿ ತಲೆ ಎತ್ತುವ ಹೊತ್ತಿಗೆ ಹುಡುಗಿ ಈಜುಡುಗೆಯಲ್ಲಿ ಮೆಟ್ಟಿಲಿಳಿದು ಬರುತ್ತಿದ್ದಳು. ಕನ್ನಡಕದ ರಬ್ಬರು ಸರಿಪಡಿಸಿಕೊಳ್ಳುತ್ತಾ, ನನ್ನನ್ನು ದಾಟಿ. ಎರಡೇ ಮೆಟ್ಟಿಲು.

ಹೆಣ್ಣುಮಕ್ಕಳು ದನಿ ಏರಿಸಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಹತ್ತು ವರ್ಷ ಕಲಿಸಿದ್ದರು. ನನ್ನ ಮಕ್ಕಳನ್ನೂ ನಾನು ಗದರಿ ಕರೆದವಳಲ್ಲ. ಆ ದಿನ ನನ್ನ ಗಂಟಲಿನಿಂದ ಹೊರಟದ್ದು ಮಾತೋ ಕಿರುಚೋ ನನಗೇ ಗೊತ್ತಿಲ್ಲ. ಅವಳ ರಟ್ಟೆಗೆ ಕೈ ಹಾಕಿ ಎಳೆದೆ. ಇಬ್ಬರೂ ಕಲ್ಲಿನ ಮೇಲೆ ಕುಸಿದೆವು. ಡಬ್ಬಿಯ ಮುಚ್ಚಳ ಉರುಳಿಕೊಂಡು ಹೋಗಿ ನೀರಿಗೆ ಬಿತ್ತು.

ತಮ್ಮ ಕಟ್ಟೆಯಿಂದ ಓಡಿ ಬಂದ. "ಏನಾಯ್ತಕ್ಕಾ? ಹಾವಾ?"

"ನೀರಲ್ಲಿ ಕರೆಂಟಿದೆ."

"ಅಯ್ಯೋ ಅಕ್ಕಾ! ನೀರು ತಣ್ಣಗಿದೆ ಅಷ್ಟೆ. ನಾನು ಈಗ್ ತಾನೇ ಈಜ್ಕೊಂಡು ಬಂದ್ನಲ್ಲ!"

ಯಜಮಾನರೂ ಬಂದರು. ಅವರ ಮುಖ ಕೆಂಪಾಗಿತ್ತು. "ನನ್ನ ಚಾರ್ಜರಿಂದ ಸೋರಿಕೆಯಾ? ಸಾಧ್ಯಾನೇ ಇಲ್ಲ ಕಣೇ. ಮೂರು ಸಲ ಟೆಸ್ಟ್ ಮಾಡಿದೀನಿ."

"ಅತ್ತೆ, ಬಿಡಿ ಅತ್ತೆ, ನಾನು ಹೋಗ್ತೀನಿ," ಎಂದು ಹುಡುಗಿ ಅಳತೊಡಗಿದಳು. ಅವಳಿಗೆ ಪರೀಕ್ಷೆ ತಪ್ಪಿಹೋಗುತ್ತದೆ ಎಂಬುದೊಂದೇ ಚಿಂತೆ.

ಆ ಮೂವರ ಎದುರು ನನಗೆ ಹೇಳಲು ಇದ್ದದ್ದು ಇಷ್ಟೇ: "ನೀವೇ ಕೈ ಇಟ್ಟು ನೋಡ್ರೀ."

ಯಜಮಾನರು ನನ್ನನ್ನು ಸಮಾಧಾನಪಡಿಸುವವರಂತೆ ಚಪ್ಪಲಿ ಬಿಟ್ಟು, ಬಗ್ಗಿ, ಎರಡು ಬೆರಳು ಅದ್ದಿದರು. ಅವರು ಬೆರಳನ್ನು ಹಿಂದೆಗೆದುಕೊಂಡ ರೀತಿ ನನ್ನ ಕಣ್ಣಲ್ಲಿ ಈಗಲೂ ಇದೆ. ಬ್ಯಾಗಿನಿಂದ ಮೀಟರು ತೆಗೆದರು. ಒಂದು ತಂತಿಯನ್ನು ಒದ್ದೆ ಕಲ್ಲಿಗೆ ಒತ್ತಿ, ಇನ್ನೊಂದನ್ನು ನೀರಿಗೆ ಇಳಿಬಿಟ್ಟರು. ನೋಡಿದರು. ಮೀಟರನ್ನು ನನಗೂ ತೋರಿಸಲಿಲ್ಲ, ತಮ್ಮನಿಗೂ ತೋರಿಸಲಿಲ್ಲ. "ಎಲ್ರೂ ಮೇಲಕ್ಕೆ ಹೋಗಿ," ಎಂದರು, ಬಹಳ ಮೆಲ್ಲಗೆ. ಆಮೇಲೆ ಪಂಪ್‌ಹೌಸಿನ ಕಡೆ ಓಡಿದರು. ಮಂಡಿನೋವಿನ ಮನುಷ್ಯ ಅವರು. ಅವರು ಓಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಬಲ್ಬು ಆರಿತು. ಗುಂಯ್ ಸದ್ದು ನಿಂತಿತು.

ಏನಾಗಿತ್ತೆಂದು ಪಂಪ್‌ಹೌಸಿನಲ್ಲಿ ತಿಳಿಯಿತು. ಕರೆಂಟು ಬರಲು ಒಂದು ತಂತಿ ಬೇಕು, ತಿರುಗಿ ಹೋಗಲು ಇನ್ನೊಂದು. ತಿರುಗಿ ಹೋಗುವ ಆ ತಂತಿ ರಸ್ತೆಯ ಕರೆಂಟು ಕಂಬದಿಂದ ಪಂಪ್‌ಹೌಸಿಗೆ ಬರುವ ದಾರಿಯಲ್ಲಿ ಎಂದೋ ತುಂಡಾಗಿತ್ತು. ಮೂರು ಫೇಸಿನಲ್ಲಿ ಓಡುವ ಪಂಪಿಗೆ ಅದು ಬೇಕಿಲ್ಲವಾದ್ದರಿಂದ ಯಾರೂ ಹಾಕಿಸಿರಲಿಲ್ಲ. ಬಲ್ಬಿಗೆ ಬೇಕು. ಅದಕ್ಕೆ ಆ ಕಡೆಯ ತೋಟಗಳಲ್ಲೆಲ್ಲ ಒಂದು ರೂಢಿ ಇದೆಯಂತೆ. ಕಬ್ಬಿಣದ ಸರಳೊಂದನ್ನು ನೆಲಕ್ಕೆ ಹೊಡೆದು, ಬಲ್ಬಿನ ಇನ್ನೊಂದು ತಂತಿಯನ್ನು ಅದಕ್ಕೆ ಸುತ್ತಿಬಿಡುವುದು. ಕರೆಂಟು ತಂತಿಯ ಬದಲು ನೆಲದಲ್ಲೇ ತಿರುಗಿ ಹೋಗುತ್ತದೆ. ನೆಲ ಹಸಿಯಾಗಿದ್ದಷ್ಟೂ ಬಲ್ಬು ಚೆನ್ನಾಗಿ ಉರಿಯುತ್ತದೆ. ಒಂದು ಬಲ್ಬಿನ ಮಟ್ಟಿಗೆ ಅದು ಹೇಗೋ ನಡೆದುಕೊಂಡು ಬಂದಿತ್ತು. ನಮ್ಮವರ ದೊಡ್ಡ ಚಾರ್ಜರಿಗೆ ಸಾಲಲಿಲ್ಲ. ಆ ಬುಧವಾರ ಬಲ್ಬು ಮಂಕಾದದ್ದು ಅದಕ್ಕೇ. ಗೌಡರು ಮಾರನೆಯ ದಿನ ತಂತಿಯನ್ನು ಉದ್ದ ಮಾಡಿ, ಸರಳನ್ನು ಕಿತ್ತು ತಂದು, ಮೆಟ್ಟಿಲ ಪಕ್ಕದ ನೀರೊಳಗೆ ನೆಟ್ಟಿದ್ದರು. ಕೆರೆಗಿಂತ ಹಸಿ ನೆಲ ಇನ್ನೆಲ್ಲಿ ಸಿಗಬೇಕು?

"ನಿಮ್ ಡಬ್ಬಕ್ಕೆ ಒಳ್ಳೇದಾಗ್ಲಿ ಅಂತ ಆಕ್ದೆ ಸಾರ್," ಎಂದರು ಗೌಡರು. "ಮೂವತ್ತು ವರ್ಸದಿಂದ ಇಂಗೇ ಬಲ್ಬ್ ಉರಿಸ್ಕಂಡ್ ಬಂದಿವ್ನಿ."

ಇವರು ಅವರನ್ನು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ತಪ್ಪು ನಂದು ಗೌಡ್ರೇ," ಎಂದರು. "ಪೀಣ್ಯದಲ್ಲಿ ಯಾವ ಗಿರಾಕಿ ಬಂದ್ರೂ ಮೊದಲು ನಿಮ್ಮ ಮೇನ್ ಬೋರ್ಡ್ ತೋರಿಸಿ ಅಂತೀನಿ. ನೋಡದೆ ಚಾರ್ಜರ್ ಕೊಡಲ್ಲ. ಇಲ್ಲಿ ಮನೆ ಜನದ ಕೆಲಸ ಅಂತ ಸದರ. ಕಟ್ಟೆಯಿಂದ ಪಂಪ್‌ಹೌಸಿಗೆ ಐವತ್ತು ಹೆಜ್ಜೆ. ನಡೀಲಿಲ್ಲ ನಾನು."

ಗೌಡರ ಹೆಂಡತಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ನಿಂತಿದ್ದರು. "ಅಯ್ಯೋ, ನಮ್ಮ ಸೊಸೆ ಮಗೀನ್ನ ಎತ್ಕಂಡು ಇಲ್ಲೇ ಮುಖ ತೊಳ್ಸಕ್ಕೆ ಬತ್ತಾಳಲ್ಲಪ್ಪಾ," ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. "ಜುಮ್ಮಂತದೆ ಅಂತ ನಾನೇಳಲಿಲ್ವಾ ನಿಂಗೆ? ನೀರ್ನಾಗೆ ನಿಂತ್ರೆ ಜೋಮು ಹಿಡೀತದೆ ಮುದುಕಿ ಅಂದ್ಯಲ್ಲ!"

ನನಗೆ ಅಂದು ನಡುಕ ಹುಟ್ಟಿಸಿದ್ದು ಸರಳಲ್ಲ. ಸರಳನ್ನು ನೋಡಿದರೆ ಅದೊಂದು ತುಕ್ಕು ಹಿಡಿದ ಕಬ್ಬಿಣ, ನಾಲ್ಕು ಸುತ್ತು ತಂತಿ. ಹತ್ತು ದಿನದಿಂದ ಆ ಮನೆಯ ಹೆಂಗಸರಿಗೆ ನೀರು ಕಚ್ಚುತ್ತಿದೆ ಎಂದು ಗೊತ್ತಿತ್ತು. ಅವರು ಸುಮ್ಮನೆ ನಾಲ್ಕು ಮೆಟ್ಟಿಲು ಮೇಲೆ ಹೋಗಿ, ಬಕೆಟ್ಟಿಗೆ ಹಗ್ಗ ಕಟ್ಟಿಕೊಂಡರು. ಇದೆಂಥ ಮೌಢ್ಯ ಎಂದು ಕಾರಿನಲ್ಲಿ ಮರಳುವಾಗ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ನಮ್ಮ ಮನೆಯ ವಾಷಿಂಗ್ ಮೆಷಿನ್ನು ನೆನಪಾಯಿತು. ಅದರ ಮೈ ಮುಟ್ಟಿದರೆ ಚುರ್ ಎನ್ನುತ್ತದೆ. ಹೊಸದರಲ್ಲಿ ಒಂದು ಸಲ ಇವರಿಗೆ ಹೇಳಿದ್ದೆ, "ನೋಡ್ತೀನಿ" ಎಂದಿದ್ದರು. ಆಮೇಲೆ ನಾನೇ ಅದರ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟೆ. ಕೆಲಸಕ್ಕೆ ಬರುವಾಕೆಗೆ ಮೊದಲ ದಿನವೇ ನಾನು ಹೇಳಿಕೊಟ್ಟ ಪಾಠ, "ಚಪ್ಪಲಿ ಹಾಕ್ಕೊಂಡು ಮುಟ್ಟಮ್ಮ" ಎಂಬುದು. ಚಾರ್ಜರ್ ಮಾಡುವವನ ಮನೆಯಲ್ಲಿ ಆರು ವರ್ಷದಿಂದ ಹೀಗೆ ನಡೆದಿದೆ. ನಾನೂ ಮೆಟ್ಟಿಲು ಮೇಲೇರಿದವಳೇ.

ಮನೆಗೆ ಬಂದು ಅದನ್ನು ಇವರಿಗೆ ಹೇಳಿದೆ. ಊಟಕ್ಕೆ ಕೂರದೆ, ಸ್ಕ್ರೂಡ್ರೈವರ್ ಹಿಡಿದು ಮೆಷಿನ್ನಿನ ಹಿಂದೆ ಹೋದರು.

ಆ ವಾರ ತಮ್ಮನ ಮನೆಯಲ್ಲಿ ಮಾತುಕತೆ ನಿಂತಿತ್ತು. ನಡೆದದ್ದು ತಿಳಿದ ಮೇಲೆ ಅವನ ಹೆಂಡತಿ ದೋಣಿಯ ಬೀಗದ ಕೈಯನ್ನು ತನ್ನ ಆಫೀಸ್ ಬ್ಯಾಗಿಗೆ ಹಾಕಿಕೊಂಡಳು. "ನೀವು ಭಾವ ಭಾಮೈದ ಇಬ್ರೂ ಉರಿ ಲೆಕ್ಕ ಹಾಕಿದ್ದೇ ಹಾಕಿದ್ದು. ಹಾಲು ಕಾಯಿಸೋಕೆ ಮುಂಚೆ ಗ್ಯಾಸ್ ಲೀಕಾಗ್ತಿದ್ಯಾ ಅಂತ ನೋಡಲ್ವಾ ಯಾರಾದ್ರೂ?" ಎಂದಳಂತೆ. ತಮ್ಮ ಅದನ್ನು ಫೋನಿನಲ್ಲಿ ಹೇಳಿದಾಗ ಯಜಮಾನರು ನಗಲಿಲ್ಲ. "ಸರಿಯಾಗೇ ಹೇಳಿದಾಳೆ," ಎಂದರು.

ಕರೆಂಟಿನ ಇಲಾಖೆಯವರ ಹಿಂದೆ ಅಲೆದು, ಕಂಬದಿಂದ ಹೊಸ ತಂತಿ ಎಳೆಸಲು ಮೂರು ವಾರ ಹಿಡಿಯಿತು. ಇವರು ಪೀಣ್ಯದ ಕೆಲಸ ಬಿಟ್ಟು ನಾಲ್ಕು ಸಲ ಹೋಗಿ ಬಂದರು. ಪಂಪ್‌ಹೌಸಿನ ಬೋರ್ಡನ್ನು ಪೂರ್ತಿ ಬಿಚ್ಚಿ ಕಟ್ಟಿದರು. ಎಲ್ಲಿ ಸ್ವಲ್ಪ ಸೋರಿದರೂ ಕರೆಂಟನ್ನು ತಾನೇ ಕಡಿದುಹಾಕುವ ಸ್ವಿಚ್ಚೊಂದನ್ನು ಕೂಡಿಸಿದರು. ಸರಳನ್ನು ಗೌಡರು ತಮ್ಮ ಕೈಯಿಂದಲೇ ಕಿತ್ತು ಬೇಲಿಗೆ ಎಸೆದರು. ಚಾರ್ಜರಿನಲ್ಲಿ ದೋಷವಿರಲಿಲ್ಲ. ಆದರೂ ಅದನ್ನು ಶೆಡ್ಡಿಗೆ ತಂದು ಎರಡು ದಿನ ಬಿಚ್ಚಿಟ್ಟುಕೊಂಡು ಕುಳಿತಿದ್ದರು. ತಾವೇ ಮಾಡಿದ ವಸ್ತುವನ್ನು ಅಷ್ಟು ಅನುಮಾನದಿಂದ ನೋಡುತ್ತಾ ಕುಳಿತ ಗಂಡನನ್ನು ಕಂಡು ನನಗೆ ಪಾಪ ಎನಿಸಿತು. ಕಾಫಿ ಇಟ್ಟು ಬಂದೆ.

ಎಲ್ಲ ಸರಿಯಾದ ಮೇಲೆ ಮತ್ತೊಂದು ಭಾನುವಾರ ಹೋದೆವು. ಈ ಸಲ ತಮ್ಮನ ಹೆಂಡತಿಯೂ ಇದ್ದಳು. ಬಲ್ಬು ಉರಿಯುತ್ತಿತ್ತು, ದೋಣಿ ಗುಂಯ್ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಗೌಡರ ಹೆಂಡತಿ ಬಕೆಟ್ಟಿನ ಹಗ್ಗವನ್ನು ಬಿಚ್ಚಿಯೇ ಇರಲಿಲ್ಲ. ಇವರು ಮೀಟರನ್ನು ನೀರಿಗಿಟ್ಟು, ಈ ಸಲ ಎಲ್ಲರಿಗೂ ತೋರಿಸಿದರು. ಸೊನ್ನೆ. ಆದರೂ ಯಾರೂ ಅಲುಗಲಿಲ್ಲ.

"ಆ ಡಬ್ಬಿ ಏನೇಳ್ತದೋ ನಮ್ಗೇನ್ ಗೊತ್ತು ಸಾರ್," ಎಂದರು ಗೌಡರ ಹೆಂಡತಿ. "ಓದಿದೋರು ನೀವು. ನಮ್ ಎಮ್ಮೆಗೆ ಅಕ್ಸರ ಬರಾಕಿಲ್ಲ."

ಇವರು ಪ್ಯಾಂಟು ಮಡಿಸಿಕೊಂಡು ನೀರಿಗಿಳಿದರು. ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಸೊಂಟ. ಸರಳು ನೆಟ್ಟಿದ್ದ ಜಾಗದಲ್ಲೇ ಹೋಗಿ ನಿಂತು, ಎರಡೂ ಕೈ ನೀರೊಳಗೆ ಬಿಟ್ಟರು. ದೋಣಿಯ ಸದ್ದು ನಡೆದೇ ಇತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತು ನಿಂತರೋ. ಬಿಳಿಯ ಅಂಗಿ ಬೆನ್ನಿಗೆ ಅಂಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ಕಾಣುತ್ತಿದ್ದರು.

"ಸಾಕು ಬನ್ನಿ ಸಾರ್," ಎಂದರು ಕೊನೆಗೆ ಗೌಡರ ಹೆಂಡತಿ. ದನಿ ಮೆತ್ತಗಾಗಿತ್ತು. "ಸೀತ ಆಯ್ತದೆ. ನಂಬ್ತೀವಿ ಬನ್ನಿ." ಅವರೇ ಬಂದು ಕೆಳಗಿನ ಮೆಟ್ಟಿಲಲ್ಲಿ ಕುಳಿತು ಒಂದು ಕಾಲನ್ನು ನೀರಿಗೆ ಬಿಟ್ಟರು.

ಹುಡುಗಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಇಬ್ಬರೂ ಹೂಂ ಎಂದರು. ಅವಳು ಇಳಿಯತೊಡಗಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಅತ್ತೆ, ಕೈ ಬಿಡಿ."

ನಾನು ನೋಡಿಕೊಂಡೆ. ಅವಳ ಮಣಿಕಟ್ಟು ನನ್ನ ಮುಷ್ಟಿಯಲ್ಲಿತ್ತು. ಯಾವಾಗ ಹಿಡಿದೆನೋ, ಅವಳ ಜೊತೆ ಅಷ್ಟೂ ಮೆಟ್ಟಿಲು ಯಾವಾಗ ಇಳಿದೆನೋ ತಿಳಿಯದು. ನನ್ನ ಬಳೆಗಳು ಅವಳ ತೊಗಲಿನಲ್ಲಿ ಕೆಂಪಗೆ ಮೂಡಿದ್ದವು.

"ಬಿಟ್ಟೆ," ಎಂದೆ. ಬಿಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.